ನಾಲಿಗೆ ಒಂದು ಕಡೆಗೆ ವಾಲಿದಾಗ

ಕೇಳುಗರಿಗೆ ನಮಸ್ಕಾರ.

ಎರಡು ದಿನಗಳಿಂದ ಕತ್ತಿನ ಬಲಭಾಗದಲ್ಲಿ ನೋವು. ಕಿವಿಯ ಹಿಂದಕ್ಕೂ ಹಬ್ಬಿದೆ. ಮಲಗುವಾಗ ಕತ್ತು ಉಳುಕಿರಬೇಕೆಂದು ಮುಲಾಮು ಹಚ್ಚಿದ್ದಾಯಿತು. ಮೂರನೆಯ ದಿನ ಮಾತು ತೊದಲುತ್ತದೆ. ‘ಳ’ಕಾರ ಹೊರಡದು, ತುತ್ತು ಬಾಯಲ್ಲಿ ಹೊರಳದು. ಕನ್ನಡಿಯ ಮುಂದೆ ನಾಲಿಗೆ ಚಾಚಿದರೆ ಬಲಕ್ಕೆ ವಾಲುತ್ತದೆ. ಕೈಕಾಲುಗಳು ಮಾತ್ರ ಗಟ್ಟಿಯಾಗಿವೆ.

ಇಂಥ ನಾಲಿಗೆಯನ್ನು ಕಂಡಾಗ ಕತ್ತಿನ ಕ್ಯಾರೋಟಿಡ್ ಧಮನಿಯನ್ನು ನೆನೆಯಬೇಕು. ಮಿದುಳಿಗೆ ರಕ್ತ ಒಯ್ಯುವ ಈ ನಾಳದ ಗೋಡೆ ಹಲವು ಪದರಗಳದು. ಕತ್ತು ಜೋರಾಗಿ ತಿರುಗಿದಾಗ, ಕೆಲವೊಮ್ಮೆ ಯಾವ ಕಾರಣವೂ ಕಾಣದೆ, ಪದರ ಸೀಳಿ ಗೋಡೆಯೊಳಗೇ ರಕ್ತ ತುಂಬಿಕೊಳ್ಳುತ್ತದೆ. ತಲೆಬುರುಡೆಯ ಬುಡದಲ್ಲಿ ಮಿದುಳಿನಿಂದ ನೇರವಾಗಿ ಹೊರಡುವ ಕಪಾಲ ನರಗಳಲ್ಲಿ ಒಂಬತ್ತರಿಂದ ಹನ್ನೆರಡನೆಯವರೆಗಿನವು ಈ ಧಮನಿಗೆ ಒತ್ತಿಕೊಂಡೇ ಇಳಿಯುತ್ತವೆ. ಊದಿದ ನಾಳ ಅವುಗಳನ್ನು ಅದುಮುತ್ತದೆ, ಇಲ್ಲವೇ ಅವುಗಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಹೆಚ್ಚಾಗಿ ಪೆಟ್ಟು ತಿನ್ನುವುದು ನಾಲಿಗೆಯನ್ನು ಆಡಿಸುವ ಹನ್ನೆರಡನೆಯ ನರ. ನಾಲಿಗೆ ವಾಲುವುದೂ ಸೀಳಿದ ಧಮನಿಯ ಕಡೆಗೇ. ಕೆಲವರಿಗೆ ಅದೇ ಬದಿಯ ರೆಪ್ಪೆ ಜೋತು ಬಿದ್ದು ಕಣ್ಣಿನ ಪಾಪೆ ಕಿರಿದಾಗುತ್ತದೆ. ಕಿವಿಯಲ್ಲಿ ನಾಡಿಯ ಬಡಿತ ಕೇಳಿಸುವುದೂ ಉಂಟು.

ವೈದ್ಯ ಮಿತ್ರರಿಗೊಂದು ಮಾತು. ಊತ ಹೊರಮುಖವಾಗಿ ಬೆಳೆದಿದ್ದರೆ ನಾಳದ ಒಳದಾರಿ ಕಿರಿದಾಗದೇ ಇರಬಹುದು. ಒಳದಾರಿಯನ್ನಷ್ಟೇ ನೋಡಿ ‘ಎಲ್ಲವೂ ಸರಿಯಿದೆ’ ಎಂದು ಕಳುಹಿಸಿಬಿಡಬೇಡಿ. ಕೊಬ್ಬಿನ ಹೊಳಪನ್ನು ಅಡಗಿಸಿ ತೆಗೆದ ಎಂ.ಆರ್.ಐ.ಯಲ್ಲಿ ಗೋಡೆಯೊಳಗಿನ ರಕ್ತ ಬಿದಿಗೆಯ ಚಂದ್ರನಂತೆ ಬೆಳ್ಳಗೆ ಕಾಣುತ್ತದೆ.

ಇಷ್ಟು ಒತ್ತಿ ಹೇಳುವುದೇಕೆಂದರೆ, ಸೀಳಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹರಿದರೆ ಪಾರ್ಶ್ವವಾಯು. ಐವತ್ತರ ಒಳಗಿನವರಿಗೆ ಪಾರ್ಶ್ವವಾಯು ತರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು. ನರದ ತೊಂದರೆ ಎಷ್ಟೋ ಸಲ ಅದಕ್ಕೆ ಮೊದಲೇ ಕಾಣಿಸಿಕೊಳ್ಳುತ್ತದೆ; ನಮಗೆ ಸಿಗುವ ಸಮಯ ಆ ಕೆಲವು ಗಂಟೆಗಳೋ ದಿನಗಳೋ ಅಷ್ಟೇ. ಕತ್ತುನೋವಿನ ಜೊತೆಗೆ ನಾಲಿಗೆ, ದನಿ, ನುಂಗುವಿಕೆ, ರೆಪ್ಪೆ ಇವುಗಳಲ್ಲಿ ಯಾವುದು ಕೆಟ್ಟರೂ ಅಂದೇ ಆಸ್ಪತ್ರೆಗೆ ಹೋಗಿ. ಕತ್ತನ್ನು ತಿರುಚಿ ನೆಟಿಕೆ ತೆಗೆಸಲು ದಯವಿಟ್ಟು ಹೋಗಬೇಡಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕೊಡುತ್ತಾರೆ. ಅಷ್ಟರಲ್ಲಿ ಬಹುತೇಕರ ಧಮನಿ ಮಾಗುತ್ತದೆ, ನಾಲಿಗೆಯೂ ಮೆಲ್ಲಗೆ ನೇರವಾಗುತ್ತದೆ.