ಕಾಲ ಕೆಳಗಿನ ಚಿತ್ರಶಾಲೆ

ನಮಸ್ಕಾರ ಕೇಳುಗರೇ. ಅಹಮದಾಬಾದಿನ ಗೆಳೆಯರೊಬ್ಬರು ಚಿತ್ರಶಾಲೆ, ಅಂದರೆ ಆರ್ಟ್ ಗ್ಯಾಲರಿ, ತೋರಿಸ್ತೀನಿ ಅಂತ ಕರೆದುಕೊಂಡು ಹೋದರು. ನನಗೆ ಕಟ್ಟಡವೇ ಕಾಣಲಿಲ್ಲ. ಬೋರಲು ಹಾಕಿದ ಬಾಣಲೆಗಳ ಹಾಗೆ ನೆಲದಿಂದ ಎದ್ದ ಗುಮ್ಮಟಗಳು. ಮೈತುಂಬ ಒಡೆದ ಪಿಂಗಾಣಿ ಹೆಂಚಿನ ಚೂರು. ಅದರ ಮೇಲೆ ಹರಿದಾಡುವಂತೆ ಚಿತ್ರಿಸಿದ ಒಂದು ಕಪ್ಪು ಹಾವು. "ಎಲ್ರೀ ಚಿತ್ರಶಾಲೆ?" ಅಂದೆ. "ನಿಮ್ಮ ಕಾಲ ಕೆಳಗೇ ಇದೆ" ಅಂದರು.

ಇದರ ಹೆಸರು ಅಮದಾವಾದ್ ನಿ ಗುಫಾ. ಅಂದರೆ ಅಹಮದಾಬಾದಿನ ಗುಹೆ. 1990ರ ದಶಕದಲ್ಲಿ ಕಟ್ಟಿದ್ದು. ವಿನ್ಯಾಸ ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರದು, ಚಿತ್ರಗಳು ಕಲಾವಿದ ಎಂ.ಎಫ್. ಹುಸೇನ್ ಅವರದು. ದೋಶಿ ನಮಗೆ ಹೊಸಬರಲ್ಲ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಅವರದೇ ಕೆಲಸ. ಅಲ್ಲಿ ಒರಟು ಕಲ್ಲಿನ ಗೋಡೆ, ನೆಟ್ಟಗೆ ನಿಂತ ಸಾಲುಕಂಬ. 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಅದೇ ಕೈ ಇಲ್ಲಿ ಒಂದು ನೇರ ಗೆರೆಯನ್ನೂ ಎಳೆದಿಲ್ಲ!

ಮೆಟ್ಟಿಲಿಳಿದು ಒಳಗೆ ಹೋದರೆ ಮೊದಲು ಮೈಗೆ ತಂಪು ತಾಗುತ್ತದೆ. ಆಮೇಲೆ ನಿಧಾನಕ್ಕೆ ಕಣ್ಣು ಹೊಂದಿಕೊಳ್ಳುತ್ತದೆ. ಕಂಬಗಳು ಆಲದ ಬಿಳಲಿನ ಹಾಗೆ ಓರೆಯಾಗಿ ಇಳಿದಿವೆ. ನೆಲವೂ ಸಮ ಇಲ್ಲ. ತಂತಿ ಬಲೆಗೆ ಸಿಮೆಂಟ್ ಗಾರೆ ಮೆತ್ತಿ ಮಾಡಿದ ಈ ಚಿಪ್ಪು ಬಹಳ ತೆಳು. ಲೆಕ್ಕ ಹಾಕಿದ್ದು ಕಂಪ್ಯೂಟರ್. ಕಟ್ಟಿದವರು ಮಾತ್ರ ಆದಿವಾಸಿ ಕೂಲಿಕಾರರು, ಸಾಮಾನ್ಯ ಕೈ ಉಪಕರಣ ಹಿಡಿದು. ಈ ವಿಷಯ ಕೇಳಿದ ಮೇಲೆ ಸುಮ್ನೆ ಗೋಡೆ ಸವರುತ್ತಾ ನಿಂತುಬಿಟ್ಟೆ.

ಈಗ ಯೋಚಿಸಿ, ಇಂಥ ಜಾಗದಲ್ಲಿ ಚಿತ್ರ ತೂಗುಹಾಕುವುದು ಎಲ್ಲಿ? ಹುಸೇನ್ ಗೋಡೆಯ ಮೇಲೇ ಬರೆದರು. ಗೋಡೆ ಬಾಗಿದ ಕಡೆ ಚಿತ್ರವೂ ಬಾಗಿದೆ. ಬಾಗಿಲನ್ನೂ ಬಿಟ್ಟಿಲ್ಲ, ಎ.ಸಿ. ಪೆಟ್ಟಿಗೆಯನ್ನೂ ಬಿಟ್ಟಿಲ್ಲ. ಒಂದು ಚಿತ್ರ ಪೂರ್ತಿ ಕಾಣಬೇಕಾದರೆ ನಾವು ಬಗ್ಗಬೇಕು, ಕಂಬ ಸುತ್ತಬೇಕು. ಕಂಬಗಳ ನಡುವೆ ಲೋಹದ ಮನುಷ್ಯರು ಬೇರೆ ನಿಂತಿದ್ದಾರೆ. ಒಬ್ಬನಿಗೆ ನಾನು ದಾರಿ ಬಿಡಲು ಹೋದೆ!

ನನಗೆ ಜಾಸ್ತಿ ಹಿಡಿಸಿದ್ದು ಬೆಳಕು. ಮೇಲಿನ ಗುಮ್ಮಟಗಳ ಕಿಂಡಿಯಿಂದ ಬಿಸಿಲು ದುಂಡಗೆ ನೆಲಕ್ಕೆ ಬೀಳುತ್ತದೆ. ಹೊತ್ತು ಸರಿದ ಹಾಗೆ ಆ ಚುಕ್ಕಿಯೂ ಸರಿಯುತ್ತದೆ. ಗೆಳೆಯರ ಮಗಳು ಒಂದು ಚುಕ್ಕಿಯ ಸುತ್ತ ಚಪ್ಪಲಿಯಿಂದ ಗೆರೆ ಎಳೆದಳು. ನಾವು ಒಂದು ಸುತ್ತು ಬರುವಷ್ಟರಲ್ಲಿ ಬೆಳಕು ಗೆರೆ ದಾಟಿತ್ತು.

ಗುಫಾ ತೆರೆಯುವುದು ಸಂಜೆ ಹೊತ್ತು. ಹೋಗುವುದಾದರೆ ತೆರೆದ ಕೂಡಲೇ ಹೋಗಿ, ಬಿಸಿಲು ಇರುವಾಗಲೇ ಒಳಗಿರಿ. ನಮಸ್ಕಾರ.