ಗಡಿಗಲ್ಲಿನಂಥ ಗೋಡೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸಿಡ್ನಿಯಲ್ಲಿ ಸಭೆ ಸಮಾರಂಭ ಶುರುವಾಗುವ ಮೊದಲು ಒಂದು ಮಾತು ಹೇಳುವ ರೂಢಿ ಇದೆ. ನಾವು ಸೇರಿರುವ ಈ ನೆಲ ಇಂಥ ಮೂಲನಿವಾಸಿಗಳದ್ದು, ಅವರ ಹಿರಿಯರಿಗೆ ನಮ್ಮ ಗೌರವ ಅಂತ. ಒಂದು ವರ್ಷ ನಮ್ಮ ಕನ್ನಡದವರ ರಾಜ್ಯೋತ್ಸವದಲ್ಲಿ ಆ ಸಾಲು ಓದುವ ಕೆಲಸ ನನಗೆ ಬಂತು. ಚೀಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿದ್ದ ಹೆಸರನ್ನು 'ಗಡಿಗಲ್' ಅಂತ ಗಡಗಡ ಓದಿ ಕೆಳಗಿಳಿದೆ. ಮುಂದೆ ಕೂತಿದ್ದ ಹಿರಿಯರೊಬ್ಬರು ಕೇಳಿದರು, "ಏನಪ್ಪಾ, ಗಡಿಗಲ್ಲು ಅಂದೆಯಲ್ಲ, ಯಾರ ಹೊಲದ್ದು?"

ನನಗೆ ನಗು ಬಂತು. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಗಡಿಗಲ್ ಅನ್ನೋದು ಇವತ್ತಿನ ಸಿಡ್ನಿಯ ನಡುಭಾಗದಲ್ಲಿ ಬಾಳಿದ ಒಂದು ಕುಲದ ಹೆಸರು. ಕೊನೆಯ 'ಗಲ್' ಅಂದರೆ ಆ ಜಾಗದ ಜನ. ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಿದ್ದರೂ ಕನ್ನಡದ ಕಿವಿಗೆ ಅದು ಗಡಿಗಲ್ಲೇ. ರಾತ್ರೋರಾತ್ರಿ ಗಡಿಗಲ್ಲು ಕಿತ್ತು ಪಕ್ಕದವನ ಹೊಲ ಒತ್ತಿದ ಕಥೆ ನಮ್ಮ ಯಾವ ಊರಲ್ಲಿಲ್ಲ ಹೇಳಿ!

ಇಲ್ಲಿ ನಡೆದದ್ದು ಹಗಲಲ್ಲೇ. 1788ರಲ್ಲಿ ಬ್ರಿಟಿಷ್ ಹಡಗುಗಳು ಬಂದವು. ಮರುವರ್ಷವೇ ಸಿಡುಬು ಹಬ್ಬಿ ಗಡಿಗಲ್ ಜನ ಗುಂಪುಗುಂಪಾಗಿ ಸತ್ತರು. ನೆಲ ಯಾರದ್ದೂ ಅಲ್ಲ ಅನ್ನುವ ಹಾಗೆ ಹಂಚಿಕೆ ನಡೆಯಿತು. ವಿಲಿಯಂ ರೆಡ್‌ಫರ್ನ್ ಅಂತ ಒಬ್ಬ ವೈದ್ಯ ಇದ್ದ. ನೌಕಾಪಡೆಯ ದಂಗೆಯಲ್ಲಿ ಸಿಕ್ಕಿಬಿದ್ದು, ಮರಣದಂಡನೆ ತಪ್ಪಿಸಿಕೊಂಡು, ಕೈದಿಯಾಗಿ ಇಲ್ಲಿಗೆ ಬಂದವನು. 1817ರಲ್ಲಿ ಅವನಿಗೆ 100 ಎಕರೆ ಮಂಜೂರಾಯಿತು. ಇವತ್ತಿನ ರೆಡ್‌ಫರ್ನ್ ಬಡಾವಣೆಗೆ ಅವನದ್ದೇ ಹೆಸರು. ಕೈದಿಯಾಗಿ ಬಂದವನಿಗೆ ನೂರು ಎಕರೆ, ಆ ನೂರರಲ್ಲಿ ನೆಲದವರಿಗೆ ಒಂದು ಗುಂಟೆಯೂ ಇಲ್ಲ.

ಈಗ ರೆಡ್‌ಫರ್ನ್ ರೈಲ್ವೆ ಸ್ಟೇಷನ್ನಿಗೆ ಬನ್ನಿ. ಹೊರಗೆ ಲಾಸನ್ ಬೀದಿಯ ಸೇತುವೆ ಮೇಲೆ ಉದ್ದಕ್ಕೂ ಒಂದು ಚಿತ್ರದ ಗೋಡೆ ಇದೆ. ಅದರ ಹೆಸರೇ '40,000 ವರ್ಷ'. 1983ರಲ್ಲಿ ಕ್ಯಾರಲ್ ರಫ್ ಎಂಬ ಕಲಾವಿದೆ ಸ್ಥಳೀಯ ಮೂಲನಿವಾಸಿ ಕಲಾವಿದರ ಜೊತೆ ಸೇರಿ ಬರೆದದ್ದು. ಅವತ್ತು ಕುಂಚ ಹಿಡಿದವರಲ್ಲಿ ಟ್ರೇಸಿ ಮೊಫಟ್ ಕೂಡ ಇದ್ದರು. ಮುಂದೆ 2017ರಲ್ಲಿ ವೆನಿಸ್‌ನ ದೊಡ್ಡ ಕಲಾಮೇಳದಲ್ಲಿ ಆಸ್ಟ್ರೇಲಿಯಾವನ್ನು ಪ್ರತಿನಿಧಿಸಿದವರು ಅವರು. ಗೋಡೆಯ ಮೇಲೆ ರೆಡ್‌ಫರ್ನ್ ಆಲ್ ಬ್ಲ್ಯಾಕ್ಸ್ ಎಂಬ ರಗ್ಬಿ ತಂಡವೂ ಇದೆ. 1979ರ ತಂಡ. ನನಗೆ ಜಾಸ್ತಿ ಇಷ್ಟವಾಗಿದ್ದು ಅದೇ. ಮೂಲನಿವಾಸಿ ಅಂದ ಕೂಡಲೇ ನಾವು ಈಟಿ, ಬೆಂಕಿ, ಕುಣಿತ ಅಂತ ಹುಡುಕ್ತೀವಿ, ಅಲ್ವಾ? ಇಲ್ಲಿ ಶನಿವಾರ ಮೈದಾನಕ್ಕೆ ಇಳಿಯುವ ಪಕ್ಕದ ಬೀದಿಯ ಹುಡುಗರು ಇದ್ದಾರೆ.

ಆ ಹುಡುಗರ ಮನೆಯವರು ಇಲ್ಲಿಗೆ ಬಂದದ್ದು ಕೆಲಸಕ್ಕೆ. ಸ್ಟೇಷನ್ ಪಕ್ಕದ ಎವ್‌ಲೀ ರೈಲ್ವೆ ಕಾರ್ಖಾನೆಯಲ್ಲಿ ದೂರದೂರದ ಮೂಲನಿವಾಸಿಗಳು ದುಡಿದರು. 1970ರಲ್ಲಿ ಅವರದ್ದೇ ಕಾನೂನು ನೆರವಿನ ಸಂಸ್ಥೆ, 1971ರಲ್ಲಿ ಅವರದ್ದೇ ಆರೋಗ್ಯ ಕೇಂದ್ರ ರೆಡ್‌ಫರ್ನ್‌ನಲ್ಲಿ ಶುರುವಾದವು. 1973ರಲ್ಲಿ ಅವರದ್ದೇ ವಸತಿ ಸಂಸ್ಥೆ, ಅಬೊರಿಜಿನಲ್ ಹೌಸಿಂಗ್ ಕಂಪನಿ, ಹುಟ್ಟಿತು. ಆಗಿನ ಪ್ರಧಾನಿ ವಿಟ್ಲಂ ಅವರ ಸರ್ಕಾರದ ಹಣದಿಂದ ಬಾಡಿಗೆ ಮನೆಗಳನ್ನು ಒಂದೊಂದಾಗಿ ಕೊಳ್ಳತೊಡಗಿತು. ಆ ಜಾಗವೇ 'ದಿ ಬ್ಲಾಕ್'.

ಕೊಂಡರು ಅನ್ನೋದನ್ನು ಸ್ವಲ್ಪ ಗಮನಿಸಿ. ತಮ್ಮದೇ ನೆಲವನ್ನು ದುಡ್ಡು ಕೊಟ್ಟು ವಾಪಸ್ ಪಡೆಯಬೇಕಾಯಿತು. 1992ರಲ್ಲಿ ಮಾಬೊ ಮೊಕದ್ದಮೆಯಲ್ಲಿ ಈ ದೇಶದ ಎಲ್ಲಕ್ಕಿಂತ ಮೇಲಿನ ನ್ಯಾಯಾಲಯವಾದ ಹೈಕೋರ್ಟು, ಇದು ಯಾರದ್ದೂ ಅಲ್ಲದ ನೆಲ ಅನ್ನೋದು ಸುಳ್ಳು ಅಂತ ತೀರ್ಪು ಕೊಟ್ಟಿತು. ದೊಡ್ಡ ತೀರ್ಪು, ನಿಜ. ಆದರೆ ಒಮ್ಮೆ ಖಾಸಗಿಯವರ ಹೆಸರಿಗೆ ಪೂರ್ತಿ ಆಗಿಹೋದ ಜಾಗಕ್ಕೆ ಆ ಹಕ್ಕು ತಾಗುವುದಿಲ್ಲ. ನಗರ ಅಂದರೆ ಹೆಚ್ಚುಕಡಿಮೆ ಅಂಥದ್ದೇ ಜಾಗ. ಪಹಣಿಯಲ್ಲಿ ಹೆಸರು ಬರಲಿಲ್ಲ, ಗೋಡೆ ಮೇಲೆ ಬಂತು.

ಗೋಡೆಯ ಗ್ಯಾರಂಟಿ ಎಷ್ಟು ದಿನ? ದಿ ಬ್ಲಾಕ್‌ನ ಒಂದು ಜಿಮ್ಮಿನ ಗೋಡೆ ತುಂಬ ಮೂಲನಿವಾಸಿ ಬಾವುಟ ಇತ್ತು. ಕಪ್ಪು, ಕೆಂಪು, ನಡುವೆ ಹಳದಿ ಸೂರ್ಯ. ಫೋಟೋ ತೆಗೆಯದವರಿಲ್ಲ. ಹೊಸ ಕಟ್ಟಡಕ್ಕಾಗಿ ಅದನ್ನು ಕೆಡವಿದರು. ಈಗ ಅಲ್ಲಿ ವಿದ್ಯಾರ್ಥಿಗಳ 24 ಮಹಡಿಯ ವಸತಿ ಗೋಪುರ ಇದೆ, ಜೊತೆಗೆ ಮೂಲನಿವಾಸಿ ಕುಟುಂಬಗಳಿಗೆ 62 ಮನೆಗಳಿವೆ. ಇದೆಲ್ಲ ಕಟ್ಟುವ ಮೊದಲು, 2014ರಲ್ಲಿ ಒಂದಷ್ಟು ಜನ, ಹೆಚ್ಚಾಗಿ ಹೆಂಗಸರ ಮುಂದಾಳ್ತನದಲ್ಲಿ, ದಿ ಬ್ಲಾಕ್‌ನಲ್ಲಿ ಆಗ ಖಾಲಿ ಇದ್ದ ಜಾಗದಲ್ಲೇ ಡೇರೆ ಹಾಕಿ ಕೂತಿದ್ದರು. ಮೊದಲು ನಮಗೆ ಮನೆ, ಮಿಕ್ಕಿದ್ದೆಲ್ಲ ಆಮೇಲೆ ಅಂತ. ವರ್ಷಕ್ಕೂ ಮೇಲೆ, ಚಳಿಯಲ್ಲೂ ಕದಲಲಿಲ್ಲ.

ಸ್ಟೇಷನ್ ಎದುರಿನ ಗೋಡೆಯೂ ಬಣ್ಣ ಕಳೆದುಕೊಂಡು, ಗಾರೆ ಉದುರಿ ಹಾಳಾಗಿತ್ತು. 2018ರಲ್ಲಿ ಕ್ಯಾರಲ್ ರಫ್ ಮತ್ತೆ ಬಂದರು. ಊರಿನವರೂ ಕೈಜೋಡಿಸಿದರು. ಚಿತ್ರ ಮತ್ತೆ ಎದ್ದಿತು.

ಹೊಸ ಕೆಲಸಗಳೂ ಇವೆ. ಒಪೆರಾ ಹೌಸ್ ಹತ್ತಿರದ ಹುಲ್ಲುಹಾಸಿನ ಮೇಲೆ ಕಲಾವಿದೆ ಜೂಡಿ ವಾಟ್ಸನ್ ಅವರ 'ಬಾರಾ' ಎಂಬ ಶಿಲ್ಪ ಇದೆ. ಗಡಿಗಲ್ ಹೆಂಗಸರು ಚಿಪ್ಪಿನಿಂದ ಮಾಡುತ್ತಿದ್ದ ಮೀನುಗಾಳದ ಆಕಾರ, ಮನುಷ್ಯರಿಗಿಂತ ಎಷ್ಟೋ ಎತ್ತರ. ಬೆಳ್ಳಗೆ ಹೊಳೆಯುತ್ತದೆ, ಚೆನ್ನಾಗಿದೆ. ಆದರೆ ಅಲ್ಲಿಗೆ ಹೋಗೋದು ಪ್ರವಾಸಿಗರು. ರೆಡ್‌ಫರ್ನ್ ಗೋಡೆ ಮುಂದೆ ಹಾಯುವವರು ಟಿಫನ್ ಡಬ್ಬಿ ಹಿಡಿದು ಕೆಲಸಕ್ಕೆ ಓಡುವವರು. ನನಗಂತೂ ಗೋಡೆಯೇ ಸರಿ.

ಒಂದು ಭಾನುವಾರ ಆ ಹಿರಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಸುಮ್ನೆ ಉದ್ದಕ್ಕೂ ನಡೆದು ನೋಡಿದರು. ಆಮೇಲೆ ನಮ್ಮವರ ಮಾಮೂಲಿ ಪ್ರಶ್ನೆ ಬಂತು, "ಇಲ್ಲಿ ಒಂದು ಮನೆಗೆ ಈಗ ಎಷ್ಟಾಗುತ್ತೆ?" ಹೇಳಿದೆ. ರೂಪಾಯಿಗೆ ಲೆಕ್ಕ ಹಾಕಿ ಒಂದು ಕ್ಷಣ ಸುಮ್ಮನಾದರು. ಮತ್ತೆ ಆ ರಗ್ಬಿ ಹುಡುಗರ ಕಡೆ ತಿರುಗಿ, "ಇವರಲ್ಲಿ ಎಷ್ಟು ಜನ ಇನ್ನೂ ಇಲ್ಲೇ ಇದ್ದಾರಂತೆ?" ಅಂದರು.

ನಮಸ್ಕಾರ.