ಹಳೇ ಹಾಟ್ ಹ್ಯಾಚ್ ಕೊಳ್ಳುವಾಗ ಮೀಟರ್ ಆಮೇಲೆ, ಬಿಲ್ಲು ಮೊದಲು

ಎಲ್ಲರಿಗೂ ನಮಸ್ಕಾರ. ಇವತ್ತು ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ. ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಹ್ಯಾಚ್‌ಬ್ಯಾಕ್, ಅಂದರೆ ಜಾಸ್ತಿ ಶಕ್ತಿಯ ಸಣ್ಣ ಕಾರಾದ ಹಾಟ್ ಹ್ಯಾಚ್, ನೋಡಲು ಹೋದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಓಡಿದೆ?" ನನ್ನ ಪ್ರಕಾರ ಆ ಪ್ರಶ್ನೆಯ ಸರದಿ ಮೂರನೆಯದೋ ನಾಲ್ಕನೆಯದೋ ಆಗಬೇಕು. ಇದನ್ನು ಯಾರು ಓಡಿಸಿದರು, ಹೇಗೆ ನೋಡಿಕೊಂಡರು, ಅದಕ್ಕೆ ಕಾಗದ ಇದೆಯಾ? ಮೊದಲು ಕೇಳಬೇಕಾದದ್ದು ಇದು. ಒಂದು ಲಕ್ಷ ಕಿಲೋಮೀಟರ್ ಓಡಿ ಪ್ರತಿ ಸರ್ವಿಸ್ ಬಿಲ್ಲೂ ಜೋಪಾನವಾಗಿರುವ ಕಾರು ಒಂದು ಕಡೆ. ನಲವತ್ತು ಸಾವಿರ ಓಡಿ ಒಂದು ಚೀಟಿಯೂ ಇಲ್ಲದ ಕಾರು ಇನ್ನೊಂದು ಕಡೆ. ನಾನು ಹಿಂದೆಮುಂದೆ ನೋಡದೆ ಮೊದಲನೆಯದನ್ನೇ ತಗೊಳ್ಳುತ್ತೇನೆ.

ಮಾಮೂಲಿ ಹ್ಯಾಚ್‌ಬ್ಯಾಕ್ ಆಗಿದ್ದರೆ ಈ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಮಾಮೂಲಿ ಕಾರಿಗೆ ಆಯಿಲ್ ಬದಲಿಸುವುದು ಸ್ವಲ್ಪ ತಡವಾದರೂ ಅದು ತಡೆದುಕೊಳ್ಳುತ್ತದೆ. ಹಾಟ್ ಹ್ಯಾಚ್‌ಗೆ ಆ ಸಹನೆ ಕಡಿಮೆ. ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. 1976ರಲ್ಲಿ ಮಾರಾಟಕ್ಕೆ ಬಂದ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಗೆ ಇದ್ದದ್ದು 1.6 ಲೀಟರ್ ಎಂಜಿನ್, 110 ಕುದುರೆ ಶಕ್ತಿ. ಶುರುವಿನಲ್ಲಿ ಬರೀ 5,000 ಕಾರು ಮಾಡಿದರೆ ಸಾಕು ಅಂತ ಕಂಪನಿ ಅಂದುಕೊಂಡಿತ್ತು. ಅದೇ ಕಾರು ಒಂದು ಪರಂಪರೆಯನ್ನೇ ಹುಟ್ಟುಹಾಕಿತು. ಈಗ 2013ರ ಫೋರ್ಡ್ ಫಿಯೆಸ್ಟಾ ಎಸ್‌ಟಿ ನೋಡಿ. ಅದರದ್ದೂ 1.6 ಲೀಟರ್ ಎಂಜಿನ್ನೇ. ಆದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಟರ್ಬೊ ಸೇರಿ 182 ಕುದುರೆ ಶಕ್ತಿ. ಗಾತ್ರ ಅಷ್ಟೇ, ಕೆಲಸ ಮಾತ್ರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಟರ್ಬೊದೊಳಗಿನ ಆ ಸಣ್ಣ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದರ ಅಚ್ಚನ್ನು ಹಿಡಿದು ನಿಲ್ಲಿಸಿರುವುದು ತೆಳ್ಳಗಿನ ಒಂದು ಪದರ ಆಯಿಲ್. ಆ ಆಯಿಲ್ ಹಳಸಿದ್ದರೆ ಕಾರು ಎಷ್ಟು ಕಡಿಮೆ ಓಡಿದ್ದರೂ ಏನು ಪ್ರಯೋಜನ ಹೇಳಿ?

ಹಾಗಾಗಿ ಫೈಲ್ ಕೈಗೆ ಬಂದಾಗ ಸುಮ್ನೆ ತಿರುವಿ ಹಾಕಬೇಡಿ. ಕೂತು ಓದಿ. ಪ್ರತಿ ಬಿಲ್ಲಿನ ಮೇಲೂ ತಾರೀಖು ಇರುತ್ತದೆ, ಆವತ್ತಿನ ಕಿಲೋಮೀಟರ್ ಇರುತ್ತದೆ. ಎರಡನ್ನೂ ಸಾಲಾಗಿ ಬರೆದುಕೊಳ್ಳಿ. ಮೀಟರ್ ತಿರುಗಿಸಿದ್ದರೆ ಇಲ್ಲೇ ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತದೆ. ಆಯಿಲ್ ಬದಲಾವಣೆಗಳ ನಡುವೆ ಎಷ್ಟು ಅಂತರ ಇದೆ ನೋಡಿ. ಕೆಲವು ಕಂಪನಿಗಳು ಯುರೋಪಿನಲ್ಲಿ ಎರಡು ವರ್ಷ ಅಥವಾ 30,000 ಕಿಲೋಮೀಟರ್‌ವರೆಗೂ ಅದೇ ಆಯಿಲ್ ನಡೆಯುತ್ತದೆ ಅಂತ ಹೇಳಿವೆ. ಜೋರಾಗಿ ಓಡುವ ಟರ್ಬೊ ಕಾರಿಗೆ ಈ ಅಂತರವನ್ನು ನಾನು ಒಪ್ಪುವುದಿಲ್ಲ. 8,000ದಿಂದ 10,000 ಕಿಲೋಮೀಟರಿಗೆ, ಇಲ್ಲವೇ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸಿದವರ ಕಾರು ನನಗೆ ಬೇಕು. ಬಿಲ್ಲಿನಲ್ಲಿ ಆಯಿಲ್ ಯಾವ ದರ್ಜೆಯದು ಅಂತ ಬರೆದಿದ್ದರೆ ಇನ್ನೂ ಸಂತೋಷ. ಅಷ್ಟು ವಿವರ ಬರೆಸಿಕೊಂಡವರು ಬೇರೆ ಕೆಲಸವನ್ನೂ ಅರ್ಧಂಬರ್ಧ ಮಾಡಿಸಿರುವುದಿಲ್ಲ.

ಈಗ ಕಾರಿನ ಹತ್ತಿರ ಬನ್ನಿ. ಹೋಗುವ ಮೊದಲೇ ಮಾಲೀಕರಿಗೆ ಫೋನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಕೇಳಿಕೊಳ್ಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ, ಸಮಾಧಾನವಾಗುವ ಉತ್ತರ ಬರದಿದ್ದರೆ ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ ಹೊರಡಿ. ತಣ್ಣಗಿದ್ದರೆ ನೀವು ಎಂಜಿನ್ ಪಕ್ಕದಲ್ಲೇ ನಿಂತು ಬೇರೆಯವರಿಂದ ಸ್ಟಾರ್ಟ್ ಮಾಡಿಸಿ. ಮೊದಲ ಐದಾರು ಸೆಕೆಂಡು ಕಿವಿ ಅಲ್ಲೇ ಇರಲಿ. ಎಂಜಿನ್ನಿನೊಳಗಿನ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಸೋತಿದ್ದರೆ ಎಂಜಿನ್ನಿನ ಒಂದು ಬದಿಯಿಂದ ಗಡಗಡ ಸದ್ದು ಬರುತ್ತದೆ. ಆಯಿಲ್ ಒತ್ತಡ ಏರಿದ ಮೇಲೆ ಆ ಸದ್ದು ನಿಂತುಬಿಡುತ್ತದೆ. ಬಿಸಿ ಎಂಜಿನ್ನಿನಲ್ಲಿ ಅದು ಕೇಳದೇ ಹೋಗಬಹುದು. ಅದಕ್ಕೇ ತಣ್ಣಗಿನ ಸ್ಟಾರ್ಟ್ ವಿಷಯದಲ್ಲಿ ರಾಜಿ ಬೇಡ. ಹೊಗೆಯನ್ನೂ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು.

ಪ್ರತಿ ಮಾಡೆಲ್ಲಿಗೂ ಅದರದ್ದೇ ಒಂದು ಕಾಯಿಲೆ ಇರುತ್ತದೆ. ನೋಡಲು ಹೋಗುವ ಮುಂಚೆ ಅದನ್ನು ತಿಳಿದುಕೊಂಡಿರಲೇಬೇಕು. 2004ರಲ್ಲಿ ಬಂದ ಐದನೇ ತಲೆಮಾರಿನ ಗಾಲ್ಫ್ ಜಿಟಿಐ ನನಗೆ ತುಂಬ ಇಷ್ಟದ ಕಾರು. 2.0 ಲೀಟರ್ ಟರ್ಬೊ, 200 ಕುದುರೆ ಶಕ್ತಿ. ಅದರ ಹೈ ಪ್ರೆಶರ್ ಫ್ಯೂಯಲ್ ಪಂಪನ್ನು ಒತ್ತುವುದು ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್. ಎರಡರ ನಡುವೆ ಕ್ಯಾಮ್ ಫಾಲೋವರ್ ಅಂತ ಒಂದು ಪುಟ್ಟ ಲೋಹದ ಬಟ್ಟಲು ಕೂತಿರುತ್ತದೆ. ಪಂಪ್ ಬಿಚ್ಚಿದರೆ ಕೈಗೆ ಸಿಗುತ್ತದೆ. ಮುಖದ ಮೇಲೆ ಕಪ್ಪು ಲೇಪನ ಪೂರ್ತಿ ಇದ್ದರೆ ನಿಶ್ಚಿಂತೆ. ಕಪ್ಪು ಸವೆದು ಬೆಳ್ಳಿಯ ಬಣ್ಣ ಕಾಣಿಸಿದರೆ ಕೂಡಲೇ ಬದಲಿಸಬೇಕು. ನೋಡದೆ ಬಿಟ್ಟರೆ ಅದು ತೂತಾಗಿ, ಕ್ಯಾಮ್‌ಶಾಫ್ಟ್ ಮತ್ತು ಪಂಪ್ ಎರಡನ್ನೂ ಹಾಳುಮಾಡುತ್ತದೆ. ಅಗ್ಗದ ಒಂದು ಬಿಡಿಭಾಗ, ಆಗುವ ನಷ್ಟ ಮಾತ್ರ ಎಂಜಿನ್ ಬಿಚ್ಚುವ ಮಟ್ಟದ್ದು. ಮಾರುವವರನ್ನು "ಕ್ಯಾಮ್ ಫಾಲೋವರ್ ಯಾವಾಗ ನೋಡಿಸಿದಿರಿ?" ಅಂತ ಕೇಳಿ. ತಟ್ಟನೆ ಉತ್ತರ ಕೊಟ್ಟರೆ ನೀವು ಸರಿಯಾದ ಮಾಲೀಕರ ಮುಂದೆ ನಿಂತಿದ್ದೀರಿ.

ಇದೇ ರೀತಿ, 2006ರ ನಂತರ ಬಂದ ಎರಡನೇ ತಲೆಮಾರಿನ ಮಿನಿ ಕೂಪರ್ ಎಸ್‌ನ ಶುರುವಿನ ಟರ್ಬೊ ಎಂಜಿನ್ನಿಗೆ ಟೈಮಿಂಗ್ ಚೈನ್ ಟೆನ್ಷನರ್ ತೊಂದರೆ ಹೆಸರುವಾಸಿ. ಓಡಿಸಲು ಎಷ್ಟು ಮಜವೋ, ಅಲಕ್ಷ್ಯ ಮಾಡಿದರೆ ಅಷ್ಟೇ ದುಬಾರಿ. 2016ರಲ್ಲಿ ಬಂದ ಫೋಕಸ್ ಆರ್‌ಎಸ್‌ನ ಕೆಲವು ಕಾರುಗಳಿಗೆ ತಪ್ಪು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲ್) ಕೂರಿಸಿ ಕಳಿಸಿದ್ದರು. ಆಮೇಲೆ ಫೋರ್ಡ್ ತಾನೇ ಸರಿಪಡಿಸಿಕೊಡಬೇಕಾಯಿತು. ಆ ಕೆಲಸ ಮುಗಿದಿರುವ ದಾಖಲೆ ಇಲ್ಲದ ಆರ್‌ಎಸ್‌ಗೆ ಚೌಕಾಸಿಯೇ ಬೇಡ. ಇನ್ನು ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳದ್ದೆಲ್ಲ ಒಂದೇ ಕಥೆ. ಪೆಟ್ರೋಲ್ ನೇರವಾಗಿ ಸಿಲಿಂಡರಿಗೆ ಹೋಗುವುದರಿಂದ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವಿನ ಬೆನ್ನು ತೊಳೆಯುವವರೇ ಇರುವುದಿಲ್ಲ. ಅಲ್ಲಿ ಕಾರ್ಬನ್ ಗಟ್ಟಿಯಾಗಿ ಕಟ್ಟುತ್ತದೆ. ಐಡಲ್‌ನಲ್ಲಿ ನಡುಕ, ಎಳೆತ ಕಡಿಮೆ. ವಾಲ್‌ನಟ್ ಸಿಪ್ಪೆಯ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಬೀಸಿ ಅದನ್ನು ಕೆರೆಯುತ್ತಾರೆ. ಫೈಲಿನಲ್ಲಿ ಈ ಕೆಲಸದ ಬಿಲ್ಲು ಕಂಡರೆ ನನಗೆ ಮಾಲೀಕರ ಮೇಲೆ ಗೌರವ ಬರುತ್ತದೆ.

ಮಾಡಿಫಿಕೇಶನ್ ವಿಷಯಕ್ಕೆ ಬರೋಣ. ಇಲ್ಲಿ ಕೆಲವರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ನನ್ನ ನಿಲುವು ಸ್ಪಷ್ಟ: ಹಳೇ ಹಾಟ್ ಹ್ಯಾಚ್ ಕೊಳ್ಳುವುದಾದರೆ ಸ್ಟಾಕ್ ಕಾರನ್ನೇ, ಅಂದರೆ ಕಂಪನಿಯಿಂದ ಬಂದ ಹಾಗೇ ಇರುವುದನ್ನೇ ಕೊಳ್ಳಿ. ಮಾರ್ಪಾಡು ಮಾಡಿಸಬೇಕು ಅಂತಿದ್ದರೆ ಆಮೇಲೆ ನೀವೇ, ನಿಮಗೆ ಬೇಕಾದ ಹಾಗೆ ಮಾಡಿಸಿ. ಟ್ಯೂನಿಂಗ್ ಮಾಡುವವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಾವಣೆ), ಅದಕ್ಕೆ ತಕ್ಕ, ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್, ಕ್ಲಚ್, ಬ್ರೇಕ್, ಎಲ್ಲಕ್ಕೂ ಬಿಲ್ಲು, ಶಕ್ತಿ ಅಳೆದು ಕೊಟ್ಟ ಡೈನೊ ಶೀಟು ಇದ್ದರೆ ಆ ಕಾರಿನ ಹಿಂದೆ ಯೋಚನೆ ಇದೆ. ಆದರೆ ಜಾಸ್ತಿ ಸಿಗುವುದು ಅಂಥ ಕಾರಲ್ಲ. ಸಿಗುವುದು ಸಾಫ್ಟ್‌ವೇರ್ ಮಾತ್ರ ಬದಲಿಸಿ ಎರಡು ವರ್ಷ ಚಚ್ಚಿ, ಮಾರುವ ಹಿಂದಿನ ದಿನ ಮತ್ತೆ ಸ್ಟಾಕ್ ಮಾಡಿಸಿದ ಕಾರು. ಅಂಥದ್ದನ್ನು ಹಿಡಿಯಲು ಒಂದು ಸುಲಭದ ಪರೀಕ್ಷೆ ಇದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ, ಮ್ಯಾನುವಲ್ ಕಾರನ್ನು ನಾಲ್ಕನೇ ಗೇರಿನಲ್ಲಿ 2,000 ಆರ್‌ಪಿಎಂ ಹತ್ತಿರ ಇಟ್ಟುಕೊಂಡು ಒಂದು ಸಲ ಆಕ್ಸಿಲರೇಟರ್ ಪೂರ್ತಿ ಒತ್ತಿ. ಟಾರ್ಕ್ ಬರುವಾಗ ಆರ್‌ಪಿಎಂ ಮುಳ್ಳು ಹಠಾತ್ತನೆ ಮೇಲೆ ಹಾರಿ, ವೇಗ ಮಾತ್ರ ಅದರ ಜೊತೆ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕಡಿಮೆ ಓಡಿದ ಕಾರಿನಲ್ಲಿ ಕ್ಲಚ್ ಮುಗಿದಿದೆ ಅಂದರೆ ಮೀಟರ್ ಸುಳ್ಳು, ಇಲ್ಲವೇ ಆ ಕ್ಲಚ್ ತನ್ನ ಶಕ್ತಿ ಮೀರಿ ದುಡಿದಿದೆ.

ಕಾರಿನ ಕಂಪ್ಯೂಟರ್ ದಾಖಲೆ ಓದುವ ಒಬಿಡಿ ಸ್ಕ್ಯಾನರ್ ಜೊತೆಗಿರಲಿ. ಎಲ್ಲರೂ ಫಾಲ್ಟ್ ಕೋಡ್ ಇದೆಯಾ ಅಂತ ಮಾತ್ರ ನೋಡಿ, ಇಲ್ಲ ಅಂದ ತಕ್ಷಣ ಖುಷಿಪಡುತ್ತಾರೆ. ರೆಡಿನೆಸ್ ಮಾನಿಟರ್ ಅನ್ನುವ ಪುಟವನ್ನೂ ತೆರೆದು ನೋಡಿ. ಕೋಡುಗಳನ್ನು ಇತ್ತೀಚೆಗೆ ಅಳಿಸಿದ್ದರೆ ಅಲ್ಲಿ ಕೆಲವು ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ತೋರಿಸುತ್ತದೆ. ಬ್ಯಾಟರಿ ಬಿಚ್ಚಿದ್ದರೂ ಹಾಗೆ ಆಗಬಹುದು. ಹಾಗಾಗಿ ಅಷ್ಟಕ್ಕೇ ಆರೋಪ ಮಾಡುವುದು ಬೇಡ. ಕೇಳಿ, ಉತ್ತರ ಹೇಗೆ ಬರುತ್ತದೆ ಗಮನಿಸಿ.

ಟೈರ್ ಕೂಡ ನನ್ನ ಮಟ್ಟಿಗೆ ಒಂದು ಸಾಕ್ಷಿಯೇ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕು ಟೈರಿಗೂ ನಾಲ್ಕು ಬೇರೆ ಕಂಪನಿ, ಅದರಲ್ಲೂ ಕೈಗೆ ಸಿಕ್ಕ ಅಗ್ಗದ್ದು ಅಂದರೆ ಮಾಲೀಕರು ಎಲ್ಲಿ ದುಡ್ಡು ಉಳಿಸಿದ್ದಾರೆ ಅಂತ ಗೊತ್ತಾಯಿತಲ್ವಾ? ಕಾಣುವ ಕಡೆಯೇ ಉಳಿಸಿದವರು ಕಾಣದ ಕಡೆ ಬಿಟ್ಟಾರೆಯೇ? ಮುಂದಿನ ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆ, ಇಲ್ಲವೇ ಗುದ್ದಿದ ಕಾರು. ಬ್ರೇಕ್ ಡಿಸ್ಕಿನ ಮೇಲೆ ನೀಲಿ ಛಾಯೆ, ಕೂದಲೆಳೆಯಂಥ ಬಿರುಕು ಕಂಡರೆ ಅದು ಟ್ರ್ಯಾಕಿಗೆ ಹೋಗಿ ಬಂದಿರುವ ಸಾಧ್ಯತೆ ಜಾಸ್ತಿ. ಟ್ರ್ಯಾಕಿಗೆ ಹೋಗಿದ್ದೇ ತಪ್ಪು ಅಂತಲ್ಲ. ಹೋಗಿ ಬಂದ ಮೇಲೆ ಆಯಿಲ್, ಬ್ರೇಕ್ ಫ್ಲುಯಿಡ್ ಬದಲಿಸಿದ್ದಾರಾ ಅನ್ನುವುದು ಮುಖ್ಯ.

ದುಡ್ಡಿನ ಬಗ್ಗೆ ಒಂದು ಮಾತನ್ನು ಯಾರೂ ಮಾರುವಾಗ ಹೇಳುವುದಿಲ್ಲ. ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ, ಬಿಡಿಭಾಗದ ಬೆಲೆ ಹಾಗೆ ಇಳಿಯುವುದಿಲ್ಲ. ಅರ್ಧ ಬೆಲೆಗೆ ಸಿಕ್ಕ ಕಾರಿಗೆ ಬೇಕಾಗುವ ಟರ್ಬೊ, ದೊಡ್ಡ ಬ್ರೇಕ್ ಡಿಸ್ಕು, ಅಡಾಪ್ಟಿವ್ ಡ್ಯಾಂಪರ್ ಎಲ್ಲವೂ ಹೊಸ ಕಾರಿನ ದರದಲ್ಲೇ ಬರುತ್ತವೆ. ಹಾಗಾಗಿ ಇರುವ ದುಡ್ಡನ್ನೆಲ್ಲ ಕಾರಿಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲು ಮೊದಲ ವರ್ಷದ ಖರ್ಚಿಗೆ ಎತ್ತಿಡಿ. ಅಷ್ಟು ಎತ್ತಿಡಲು ಆಗದಿದ್ದರೆ ಒಂದು ಮೆಟ್ಟಿಲು ಕೆಳಗಿನ ಕಾರನ್ನು ನೋಡಿ. ಸರ್ವಿಸ್ ಮಾಡಿಸಲಾಗದೆ ಮೂಲೆಯಲ್ಲಿ ನಿಂತ 300 ಕುದುರೆ ಶಕ್ತಿಯ ಕಾರಿಗಿಂತ, ಮನಸ್ಸು ಬಿಚ್ಚಿ ಓಡಿಸಬಹುದಾದ 150 ಕುದುರೆ ಶಕ್ತಿಯ ಕಾರು ಎಷ್ಟೋ ಮೇಲು.

ಕಾರು ಮನೆಗೆ ಬಂದ ಮೇಲೆ ಮೊದಲ ಕೆಲಸ ಎಲ್ಲ ದ್ರವಗಳನ್ನೂ ಬದಲಿಸುವುದು. ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಕೂಲೆಂಟ್, ಬ್ರೇಕ್ ಫ್ಲುಯಿಡ್. ಮೊನ್ನೆ ತಾನೇ ಬದಲಿಸಿದ್ದೇವೆ ಅಂದರೂ ಬಿಲ್ಲಿಲ್ಲದಿದ್ದರೆ ಬದಲಿಸಿ. ಆರು ಗೇರಿನ ವೆಟ್ ಕ್ಲಚ್ ಡಿಎಸ್‌ಜಿ (ಫೋಕ್ಸ್‌ವ್ಯಾಗನ್‌ನ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಇದ್ದರೆ ಅದರ ಆಯಿಲ್ ಮತ್ತು ಫಿಲ್ಟರನ್ನು 60,000 ಕಿಲೋಮೀಟರಿಗೊಮ್ಮೆ ಬದಲಿಸಲೇಬೇಕು. ಇದನ್ನು ತಪ್ಪಿಸಿದ ಗೇರ್‌ಬಾಕ್ಸುಗಳು ಕೊನೆಗೆ ದುಡ್ಡು ನುಂಗುತ್ತವೆ.

ಓಡಿಸುವುದರಲ್ಲೂ ಒಂದು ಶಿಸ್ತು ಬೇಕು. ಕೂಲೆಂಟ್ ಮುಳ್ಳು ಮಧ್ಯಕ್ಕೆ ಬಂತು ಅಂದರೆ ಆಯಿಲ್ ಬಿಸಿಯಾಯಿತು ಅಂತಲ್ಲ. ಆಯಿಲ್ ಯಾವಾಗಲೂ ಹಿಂದೆ ಬೀಳುತ್ತದೆ. ಇನ್ನೂ ಹತ್ತು ನಿಮಿಷ ಸಮಾಧಾನವಾಗಿ ಹೋಗಿ. ಕಡಿಮೆ ಆರ್‌ಪಿಎಂ ಇದ್ದಾಗ ದೊಡ್ಡ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುವ ಅಭ್ಯಾಸ ಬೇಡ. ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಸ್ಪಾರ್ಕಿಗೂ ಮುಂಚೆಯೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯ ಅಲ್ಲೇ ಇರುವುದು. ಕೊಳ್ಳುವಾಗ ಕ್ಲಚ್ ನೋಡಲು ಒಂದು ಸಲ ಮಾಡಿದ್ದೇ ಸಾಕು, ದಿನಾ ಬೇಡ. ಒಂದು ಗೇರ್ ಇಳಿಸಿ, ಎಂಜಿನ್ ಹಗುರಾಗಿ ತಿರುಗಲಿ. ಕಾರ್ ಜೋರಾಗಿ ಓಡಿಸಿ ಬಂದರೆ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬನ್ನಿ, ಟರ್ಬೊ ತಣ್ಣಗಾಗುತ್ತದೆ. ಜೋಪಾನ ಅಂತ ವಾರಗಟ್ಟಲೆ ಕವರ್ ಹಾಕಿ ನಿಲ್ಲಿಸುವುದೂ ಒಳ್ಳೆಯದಲ್ಲ. ನಿಂತ ಕಾರಿನಲ್ಲಿ ಬ್ಯಾಟರಿ ಇಳಿಯುತ್ತದೆ, ಡಿಸ್ಕು ತುಕ್ಕು ಹಿಡಿಯುತ್ತದೆ, ಟೈರಿನ ಒಂದೇ ಭಾಗದ ಮೇಲೆ ಭಾರ ಕೂರುತ್ತದೆ.

ಹಾಗಾದರೆ ನಾನು ಯಾವುದನ್ನು ಆರಿಸುತ್ತೇನೆ? 2013ರಿಂದ 2017ರ ನಡುವಿನ ಫಿಯೆಸ್ಟಾ ಎಸ್‌ಟಿ. ಗಾಲ್ಫ್ ಜಿಟಿಐ ಅದಕ್ಕಿಂತ ಪೂರ್ಣವಾದ ಕಾರು, ಒಪ್ಪುತ್ತೇನೆ. ಹೋಂಡಾ ಸಿವಿಕ್ ಟೈಪ್ ಆರ್ ಎಂಜಿನ್ನಿನ ಗಟ್ಟಿತನಕ್ಕೂ ನನ್ನ ನಮಸ್ಕಾರ ಇದೆ. ಆದರೆ ಸಾಧಾರಣ ವೇಗದಲ್ಲೇ, ಒಂದು ಸಣ್ಣ ತಿರುವಿನಲ್ಲೇ ಮುಖ ಅರಳಿಸುವ ಗುಣ ಫಿಯೆಸ್ಟಾದಲ್ಲಿ ಜಾಸ್ತಿ. ಸಸ್ಪೆನ್ಷನ್ ಮಾತ್ರ ಗಡುಸು. ಮನೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಟೆಸ್ಟ್ ಡ್ರೈವ್ ಮಾಡಿ. ಫಿಯೆಸ್ಟಾ ತಯಾರಿಕೆ 2023ರಲ್ಲಿ ನಿಂತಿದೆ. ಆದರೂ ಮಾರಾಟವಾದ ಸಂಖ್ಯೆ ದೊಡ್ಡದು, ಹಾಗಾಗಿ ಮಾಮೂಲಿ ಬಿಡಿಭಾಗಗಳ ಚಿಂತೆ ನನಗಿಲ್ಲ. ಎಸ್‌ಟಿಗೇ ಮೀಸಲಾದ ಬಂಪರ್, ಸೀಟಿನಂಥವು ಸರಿಯಿರುವ ಕಾರನ್ನೇ ಹುಡುಕಿ. ಮುಖ್ಯವಾಗಿ ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚನ್ನು ಕೈಯಿಂದ ಒತ್ತಿ ನೋಡಿ. ಹತ್ತಿ ಇಳಿಯುವಾಗ ಮೊದಲು ಸವೆಯುವುದು ಅದೇ.